180 ಜಿಬಿ ವೆರಾಕ್ರಿಪ್ಟ್ ಫೈಲ್ ಡಿಲೀಟ್ ಆಗಿದೆ, ಅದರ ಮೇಲೆ ಸಿನಿಮಾ ಬಿದ್ದಿದೆ. ವಾಪಸ್ ಸಿಗುತ್ತಾ?

ತೋಟದ_ಮನೆ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಬರೆದದ್ದು ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ನನ್ನ ಹತ್ರ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ಅದರಲ್ಲಿ ವೆರಾಕ್ರಿಪ್ಟ್ ಅನ್ನೋ ಬೀಗ ಹಾಕೋ ಪ್ರೋಗ್ರಾಂನಲ್ಲಿ ಮಾಡಿದ 180 ಜಿಬಿ ಕಂಟೇನರ್ ಫೈಲ್ ಇತ್ತು, ಪಾಸ್‌ವರ್ಡ್ ಹಾಕಿದರೆ ಮಾತ್ರ ತೆರೆಯೋ ಪೆಟ್ಟಿಗೆ ಇದ್ದ ಹಾಗೆ. ಒಳಗೆ ತೋಟದ ಕಾಗದಪತ್ರಗಳ ಸ್ಕ್ಯಾನ್, ಬ್ಯಾಂಕಿನ ವಿಷಯ, ಜೊತೆಗೆ ನಮ್ಮಜ್ಜಿ ಹಾಡಿದ ಸೋಬಾನೆ ಪದಗಳು. 41 ಹಾಡು. ಅಜ್ಜಿ ಈಗ ಇಲ್ಲ.

ಅಕ್ಕನ ಮಗ ರಜೆಗೆ ಬಂದಿದ್ದ. ಸಿನಿಮಾ ಹಾಕಿಕೊಳ್ಳೋಕೆ ಡಿಸ್ಕ್ ಕೇಳಿದ, ಕೊಟ್ಟೆ. ಜಾಗ ಇಲ್ಲ ಅಂತ ಬಂತಂತೆ. ಮೊದಲು ಹಳೇ ಮೊಬೈಲ್ ಬ್ಯಾಕಪ್ ಫೋಲ್ಡರ್ ಅಳಿಸಿದ. ಆಮೇಲೆ ನೋಡಿದರೆ ಯಾವುದೋ ಒಂದು ಫೈಲ್ 180 ಜಿಬಿ ತಿಂದು ಕೂತಿದೆ, ಡಬಲ್ ಕ್ಲಿಕ್ ಮಾಡಿದರೆ ತೆರೆಯೋದೂ ಇಲ್ಲ. ಕೆಟ್ಟುಹೋದ ಫೈಲ್ ಇರಬೇಕು ಅಂತ ಶಿಫ್ಟ್ ಡಿಲೀಟ್ ಹೊಡೆದಿದ್ದಾನೆ. ಮೇಲೆ 14 ಸಿನಿಮಾ, 22 ಜಿಬಿ. ಪಾಪ, ಬೈಯೋಕೂ ಆಗ್ತಿಲ್ಲ.

ಪಾಸ್‌ವರ್ಡ್ ಚೆನ್ನಾಗಿ ನೆನಪಿದೆ. ಅಳಿಸಿದ ಫೈಲ್ ಹುಡುಕೋ ಫೋಟೋರೆಕ್ ಪ್ರೋಗ್ರಾಂ ಆರು ಗಂಟೆ ಓಡಿಸಿದೆ. ಹಳೇ ಮೊಬೈಲ್ ಫೋಟೋ ಸಾವಿರಾರು ಬಂದವು, ಕಂಟೇನರ್ ಮಾತ್ರ ಇಲ್ಲ. ಇನ್ನು ಬಿಟ್ಟುಬಿಡಬೇಕಾ?


ಉಪ್ಪಿಟ್ಟು_ವಿರೋಧಿ
ಶನಿವಾರ, ರಾತ್ರಿ 9:58

ಫೋಟೋರೆಕ್‌ನಿಂದ ಬಂದ ಫೋಟೋಗಳನ್ನ ಎಲ್ಲಿಗೆ ಸೇವ್ ಮಾಡಿದಿರಿ ಮೇಡಂ? ಅದೇ ಡಿಸ್ಕಿಗೆ ಅಲ್ಲ ತಾನೇ?


ತೋಟದ_ಮನೆ
ಶನಿವಾರ, ರಾತ್ರಿ 10:03

ಮೊದಲು ಅದಕ್ಕೇ ಹೋಗ್ತಿತ್ತು. ಒಂದೆರಡು ನಿಮಿಷದಲ್ಲಿ ಗೊತ್ತಾಗಿ ನಿಲ್ಲಿಸಿದೆ. ಆಮೇಲೆ ಲ್ಯಾಪ್‌ಟಾಪಿಗೆ ಹಾಕಿದೆ.


ಉಪ್ಪಿಟ್ಟು_ವಿರೋಧಿ
ಶನಿವಾರ, ರಾತ್ರಿ 10:05

ಅಯ್ಯೋ.


ಸೆಕ್ಟರ್_ಸುಬ್ಬಣ್ಣ
ಶನಿವಾರ, ರಾತ್ರಿ 10:31

ಮೊದಲು ಆ ಡಿಸ್ಕಿನ ವೈರ್ ಎಳೆದು ಪಕ್ಕಕ್ಕಿಡಿ. ಈಗಲೇ. ಉಳಿದದ್ದು ಆಮೇಲೆ ಓದಿ.

ಇಟ್ಟಿರಾ? ಸರಿ.

ಫೋಟೋರೆಕ್ ಯಾಕೆ ಕೈಕೊಟ್ಟಿತು ಅಂದರೆ, ಅದು ಫೈಲಿನ ಹೆಸರು ನೋಡಿ ಹುಡುಕೋದಲ್ಲ, ತಲೆಯ ಗುರುತು ನೋಡಿ ಹುಡುಕೋದು. ಜೆಪೆಗ್ ಫೋಟೋ ಪ್ರತಿಯೊಂದೂ ಒಂದೇ ತರಹದ ಬೈಟ್‌ಗಳಿಂದ ಶುರುವಾಗುತ್ತೆ. ಪಿಡಿಎಫ್, ವೇವ್, ಜಿಪ್ ಎಲ್ಲಕ್ಕೂ ಅಂಥದ್ದೊಂದು ನಾಮ ಇರುತ್ತೆ. ವೆರಾಕ್ರಿಪ್ಟ್ ಕಂಟೇನರಿಗೆ ಹಣೆಯ ಮೇಲೆ ಏನೂ ಇಲ್ಲ. ಮೊದಲ 64 ಬೈಟ್ ಸಾಲ್ಟ್, ಅಂದರೆ ಮನಸ್ಸಿಗೆ ಬಂದ ಸಂಖ್ಯೆಗಳು. ಅಲ್ಲಿಂದ ಮುಂದೆ ಎಲ್ಲಾ ಎನ್‌ಕ್ರಿಪ್ಟ್ ಆದದ್ದು, ಅದೂ ಹಾಗೇ ಕಾಣುತ್ತೆ. ಇದು ಕಂಟೇನರ್ ಅಂತ ಯಾರಿಗೂ ಗೊತ್ತಾಗಬಾರದು ಅಂತಲೇ ಹಾಗೆ ಮಾಡಿರೋದು. ಡಿಸ್ಕಿಗೆ ಬೀಗ ಹಾಕೋ ವಿಂಡೋಸ್‌ನ ಬಿಟ್‌ಲಾಕರ್, ಲಿನಕ್ಸ್‌ನ ಲಕ್ಸ್ ಹಾಗಲ್ಲ. ಅವೆರಡೂ ಶುರುವಿನಲ್ಲೇ ತಮ್ಮ ಹೆಸರು ಬರೆದುಕೊಂಡಿರ್ತವೆ.

ಆದ್ದರಿಂದ ಫೈಲನ್ನ ಅದರ ಮುಖ ನೋಡಿ ಹುಡುಕೋಕೆ ಆಗಲ್ಲ. ಡಿಸ್ಕಿನ ದಫ್ತರ ನೋಡಿ ಹುಡುಕಬೇಕು. ನಿಮ್ಮ ಡಿಸ್ಕ್ ದಫ್ತರ ಇಡೋ ಪದ್ಧತಿ ಯಾವುದು, ಎನ್‌ಟಿಎಫ್‌ಎಸ್‌ನಾ, ಎಕ್ಸ್‌ಫ್ಯಾಟಾ? ಮೊಬೈಲ್ ಬ್ಯಾಕಪ್ ಯಾವಾಗಿನದು, ಕಂಟೇನರ್ ಯಾವಾಗ ಮಾಡಿದ್ದು? ಡಿಸ್ಕ್ ಎಷ್ಟು ವರ್ಷ ಹಳೇದು?


ತೋಟದ_ಮನೆ
ಶನಿವಾರ, ರಾತ್ರಿ 10:44

ಎನ್‌ಟಿಎಫ್‌ಎಸ್. ಡಿಸ್ಕ್ ತಗೊಂಡಿದ್ದು 2016ರಲ್ಲಿ. ಬ್ಯಾಕಪ್ 2017ರದ್ದು, ಅದರಲ್ಲಿ 9 ಸಾವಿರ ಚಿಲ್ಲರೆ ಫೈಲ್ ಇದ್ದವು. ಕಂಟೇನರ್ 2019ರಲ್ಲಿ ಮಾಡಿದ್ದು. ಇದೆಲ್ಲ ಯಾಕೆ ಸುಬ್ಬಣ್ಣ?


ಸೆಕ್ಟರ್_ಸುಬ್ಬಣ್ಣ
ಶನಿವಾರ, ರಾತ್ರಿ 11:10

ನಿಮ್ಮ ಅದೃಷ್ಟ ಅಲ್ಲೇ ಇರೋದು, ಅದಕ್ಕೆ.

ಎನ್‌ಟಿಎಫ್‌ಎಸ್‌ನಲ್ಲಿ ಎಂಎಫ್‌ಟಿ ಅಂತ ಒಂದು ರಿಜಿಸ್ಟರ್ ಇದೆ. ಪ್ರತಿ ಫೈಲಿಗೂ ಅದರಲ್ಲಿ ಸಾಮಾನ್ಯವಾಗಿ 1 ಕೆಬಿಯ ಒಂದು ಪುಟ. ಹೆಸರು, ಸೈಜ್, ಡಿಸ್ಕಿನಲ್ಲಿ ಎಲ್ಲಿಂದ ಎಲ್ಲಿವರೆಗೆ ಅನ್ನೋ ಲೆಕ್ಕ ಎಲ್ಲಾ ಅಲ್ಲೇ. ಡಿಲೀಟ್ ಮಾಡಿದಾಗ ಆ ಪುಟ ಹರಿದು ಬಿಸಾಡಲ್ಲ. ‘ಖಾಲಿ’ ಅಂತ ಗುರುತು ಹಾಕುತ್ತೆ ಅಷ್ಟೇ. ಮುಂದೆ ಹೊಸ ಫೈಲ್ ಬಂದಾಗ ಆ ಪುಟದ ಮೇಲೇ ಬರೆಯಬಹುದು.

ಬಸ್ಸಿನಲ್ಲಿ ಮುಂದಿನ ಸೀಟು ಖಾಲಿ ಇದ್ದರೆ ಹತ್ತಿದವರು ಅಲ್ಲೇ ಕೂರ್ತಾರೆ ಅಲ್ವಾ? ಇಲ್ಲೂ ಸಾಮಾನ್ಯವಾಗಿ ಹಾಗೇ. ಬ್ಯಾಕಪ್ ಮೊದಲು ಬಂದದ್ದು, ಅದರ ಪುಟಗಳು ಮುಂದಿನ ಸಾಲಿನಲ್ಲಿವೆ. ಕಂಟೇನರಿನ ಪುಟ ಹಿಂದೆ. ನಿಮ್ಮ ಹುಡುಗ ಎರಡನ್ನೂ ಅಳಿಸಿದ್ದರಿಂದ 14 ಸಿನಿಮಾಗೂ ನೀವು ಬರೆದ ಫೋಟೋಗಳಿಗೂ ಮುಂದಿನ 9 ಸಾವಿರ ಸೀಟು ಸಿಕ್ಕಿರಬೇಕು. ಅವನು ಬ್ಯಾಕಪ್ ಅಳಿಸದೇ ಕಂಟೇನರ್ ಒಂದನ್ನೇ ಅಳಿಸಿದ್ದರೆ ಮೊದಲ ಸಿನಿಮಾನೇ ಆ ಪುಟದ ಮೇಲೆ ಕೂತಿರೋದು. ಅವನಿಗೊಂದು ಐಸ್‌ಕ್ರೀಂ ಕೊಡಿಸಿ.

ಪುಟ ಹೋಗಿದ್ದಿದ್ದರೆ? ಪಾಸ್‌ವರ್ಡ್ ಹಿಡಿದು ಒಂದೊಂದೇ ಕ್ಲಸ್ಟರ್‌ನಲ್ಲಿ (ಡಿಸ್ಕಿನ ಒಂದು ಚಿಕ್ಕ ಖಾನೆ) ‘ಇಲ್ಲಿಂದ ಶುರುವಾ, ಇಲ್ಲಿಂದ ಶುರುವಾ’ ಅಂತ ತಟ್ಟಿ ನೋಡಬೇಕು. 1 ಟಿಬಿಯಲ್ಲಿ 4 ಕೆಬಿ ಕ್ಲಸ್ಟರ್ ಸುಮಾರು 24 ಕೋಟಿ. ವೆರಾಕ್ರಿಪ್ಟ್ ಬೇಕಂತಲೇ ನಿಧಾನ. ಒಂದು ಸಲ ತಟ್ಟೋಕೆ ಒಂದು ಸೆಕೆಂಡ್ ಅಂದರೂ ಏಳು ವರ್ಷ ದಾಟುತ್ತೆ.

ಈಗ ಮಾಡಬೇಕಾದ್ದು. 1 ಟಿಬಿಗಿಂತ ದೊಡ್ಡ ಇನ್ನೊಂದು ಡಿಸ್ಕ್ ಸಾಲ ತನ್ನಿ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಹಾಕಿ ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ನಕಲು, ತೆಗೆಯಿರಿ. ಮ್ಯಾಪ್ ಫೈಲ್ ಕೊಡೋದು ಮರೀಬೇಡಿ, ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಯುತ್ತೆ. ಇನ್ಮೇಲೆ ಏನೇ ಆಟ ಆಡೋದಿದ್ದರೂ ಆ ಇಮೇಜ್ ಮೇಲೆ.


ಹಳೇ_ಮದರ್‌ಬೋರ್ಡ್
ಭಾನುವಾರ, ಬೆಳಿಗ್ಗೆ 7:15

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಲ್ಯಾಪ್‌ಟಾಪ್ ಮದರ್‌ಬೋರ್ಡ್ ಬದಲಾಯಿಸಿ ತಂದ ಮೇಲೆ ನೀಲಿ ಪರದೆಯಲ್ಲಿ ಬಿಟ್‌ಲಾಕರ್ ರಿಕವರಿ ಕೀ ಕೇಳ್ತಿದೆ. ನಾನು ಬಿಟ್‌ಲಾಕರ್ ಹಾಕೇ ಇಲ್ಲ! ಡೇಟಾ ಹೋಯ್ತಾ?


ಉಪ್ಪಿಟ್ಟು_ವಿರೋಧಿ
ಭಾನುವಾರ, ಬೆಳಿಗ್ಗೆ 8:02

ನೀವು ಹಾಕಿಲ್ಲ, ವಿಂಡೋಸೇ ಹಾಕಿದೆ. ಹೊಸ ಮಷಿನ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿವೈಸ್ ಎನ್‌ಕ್ರಿಪ್ಷನ್ ತಾನೇ ಶುರುವಾಗುತ್ತೆ. ಕೀಲಿ ಹಳೇ ಬೋರ್ಡಿನ ಟಿಪಿಎಂ ಚಿಪ್‌ನಲ್ಲಿತ್ತು. ಬೋರ್ಡ್ ಹೋಯ್ತು, ಅದಕ್ಕೇ ಕೇಳ್ತಿದೆ.

ಮೊಬೈಲಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ಡಿವೈಸ್ ಪಟ್ಟಿ ನೋಡಿ. 48 ಅಂಕಿಯ ಕೀ ಅಲ್ಲಿರುತ್ತೆ. ಪರದೆ ಮೇಲೆ ಕಾಣೋ ಕೀ ಐಡಿಯ ಮೊದಲ 8 ಅಕ್ಷರ ಹೊಂದಬೇಕು. ಲ್ಯಾಪ್‌ಟಾಪನ್ನ ಮೊದಲ ಸಲ ಸೆಟಪ್ ಮಾಡಿದ್ದು ಯಾರು ಅಂತ ಯೋಚಿಸಿ. ಅಂಗಡಿಯವನು ತನ್ನ ಐಡಿ ಹಾಕಿದ್ದರೆ ಕೀ ಅವನ ಹತ್ರ ಇರುತ್ತೆ.


ಹಳೇ_ಮದರ್‌ಬೋರ್ಡ್
ಭಾನುವಾರ, ಬೆಳಿಗ್ಗೆ 8:40

ತಮ್ಮನ ಖಾತೆಯಲ್ಲಿತ್ತು! ಸಿಕ್ತು. ನೂರು ವರ್ಷ ಬಾಳಿ.


ಕುಂದಾಪ್ರ_ಕಡಲು
ಭಾನುವಾರ, ಬೆಳಿಗ್ಗೆ 11:20

ನನ್ನದು ಉಲ್ಟಾ ಕಥೆ ಮಾರಾಯ್ರೆ. ಫೈಲ್ ಇದೆ, ಪಾಸ್‌ವರ್ಡ್ ಇಲ್ಲ. ದೊಡ್ಡಪ್ಪ ತೀರಿಕೊಂಡರು. ಅವರ ವೆರಾಕ್ರಿಪ್ಟ್ ಫೈಲ್ ಇದೆ. ಒಂದು ಸಲ ನನ್ನೆದುರೇ ಹೇಳಿದ್ದರು, ‘ಹಟ್ಟಿಯ ಗೌರಿ, ಒಂದು ವರ್ಷ, ಕೊನೆಗೊಂದು ಚಿಹ್ನೆ’ ಅಂತ. ಗೌರಿ ಅಂದರೆ ನಮ್ಮನೆ ದನ. ನೂರು ಸಲ ಹೊಡೆದೆ, ಆಗಲಿಲ್ಲ. ಪೇಟೆಯ ಒಂದು ರಿಕವರಿ ಅಂಗಡಿಯವ ಅಡ್ವಾನ್ಸ್ ಕೊಟ್ಟರೆ ಎನ್‌ಕ್ರಿಪ್ಷನ್ ಒಡೆದು ಕೊಡ್ತೇನೆ ಅಂತಾನೆ. ಕೊಡಬಹುದಾ?


ಸೆಕ್ಟರ್_ಸುಬ್ಬಣ್ಣ
ಭಾನುವಾರ, ಮಧ್ಯಾಹ್ನ 12:05

ಬೇಡವೇ ಬೇಡ. ಎಇಎಸ್ (ವೆರಾಕ್ರಿಪ್ಟ್ ಹಾಕೋ ಬೀಗ) ಒಡೀತೀನಿ ಅನ್ನೋನು ಸುಳ್ಳು ಹೇಳ್ತಾನೆ. ಕೆಟ್ಟ ಡಿಸ್ಕ್ ಬಿಚ್ಚಿ ಹೆಡ್ ಬದಲಾಯಿಸೋ ಕೆಲಸಕ್ಕೆ ಒಳ್ಳೆಯ ಲ್ಯಾಬ್ ಬೇಕು, ಅದಕ್ಕೆ ದುಡ್ಡು ಕೊಡಿ. ಪಾಸ್‌ವರ್ಡ್ ಊಹಿಸೋ ಕೆಲಸ ನಿಮ್ಮನ್ನ ಬಿಟ್ಟು ಇನ್ಯಾರಿಗೂ ಆಗಲ್ಲ. ದೊಡ್ಡಪ್ಪನ ಸ್ವಭಾವ ಅಂಗಡಿಯವನಿಗೇನು ಗೊತ್ತು?

ನಮ್ಮ ಕನ್ನಡದ ತಲೆನೋವು ಇಲ್ಲಿದೆ ನೋಡಿ. ಇಂಗ್ಲಿಷ್ ಪದಗಳ ಪಟ್ಟಿ ಹಾಕಿ ಪಾಸ್‌ವರ್ಡ್ ಹುಡುಕೋ ಪ್ರೋಗ್ರಾಂಗೆ ಗೌರಿ ಗೊತ್ತೇ ಇಲ್ಲ. ನಮಗಾದರೂ ಗೌರಿಯನ್ನ ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೀತಾರೆ ಅನ್ನೋದು ನಿಕ್ಕಿ ಇಲ್ಲ. ಜಿ ಆದ ಮೇಲೆ ಎ-ಯು ಹಾಕೋರಿದ್ದಾರೆ, ಒ-ಯು ಹಾಕೋರಿದ್ದಾರೆ, ಒ-ಡಬ್ಲ್ಯೂ ಹಾಕೋರೂ ಇದ್ದಾರೆ. ಕೊನೆಗೆ ಒಂದು ಐ, ಇಲ್ಲಾ ಎರಡು ಇ. ಆರು ತರಹ ಆಯ್ತು. ಎಲ್ಲಾ ಚಿಕ್ಕಕ್ಷರ, ಮೊದಲನೇದು ದೊಡ್ಡದು, ಎಲ್ಲಾ ದೊಡ್ಡದು ಅಂತ ಮೂರು ಸೇರಿಸಿದರೆ 18. ವರ್ಷ 1950ರಿಂದ 2020, ಅಂದರೆ 71. ಚಿಹ್ನೆ ಇಲ್ಲದೆ, ಅಥವಾ ಅವರು ಸಾಮಾನ್ಯವಾಗಿ ಬಳಸ್ತಿದ್ದ ನಾಲ್ಕು ಚಿಹ್ನೆ. ಗುಣಿಸಿದರೆ 6,390.

ಹೊಸದಾಗಿ ಮಾಡಿದ ವೆರಾಕ್ರಿಪ್ಟ್ ಫೈಲ್ ಸಾಮಾನ್ಯವಾಗಿ ಒಂದೊಂದು ಪಾಸ್‌ವರ್ಡನ್ನೂ 5 ಲಕ್ಷ ಸುತ್ತು ಅರೆದು ನೋಡುತ್ತೆ. ಅದಕ್ಕೇ ಕೋಟಿಗಟ್ಟಲೆ ಊಹೆ ಹೊಡೆಯೋದು ದಂಡ. ಆದರೆ 6,390 ಏನು ಮಹಾ? ಸೆಕೆಂಡಿಗೊಂದು ಅಂದರೂ ಎರಡು ಗಂಟೆ ಒಳಗೆ ಮುಗೀತು. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಒಂದೊಂದೇ ಹಾಕಿ ನೋಡೋ ಹ್ಯಾಶ್‌ಕ್ಯಾಟ್ ಪ್ರೋಗ್ರಾಂಗೆ ಕೊಡಿ.


ಡಾರ್ಮ್‌ಸ್ಟಾಟ್_ಕನ್ನಡಿಗ
ಭಾನುವಾರ, ಸಂಜೆ 5:30

ಜರ್ಮನಿಯಿಂದ ನನ್ನದೂ ಒಂದು. ಆಫೀಸಿನ ಲಿನಕ್ಸ್ ಮಷಿನ್, ಲಕ್ಸ್ ಹಾಕಿದ ಡಿಸ್ಕ್. ಪೆನ್‌ಡ್ರೈವ್‌ಗೆ ಇಮೇಜ್ ಬರೆಯೋಕೆ ಹೋಗಿ ಡಿಸ್ಕಿನ ಮೇಲೆ ನೇರವಾಗಿ ಬರೆಯೋ ಡಿಡಿ ಕಮಾಂಡಿಗೆ ತಪ್ಪು ಡಿಸ್ಕಿನ ಹೆಸರು ಕೊಟ್ಟೆ. ಎರಡು ಸೆಕೆಂಡಿಗೆ ಕಂಟ್ರೋಲ್ ಸಿ ಒತ್ತಿದೆ. ಅಷ್ಟರಲ್ಲಿ ಹೆಡರ್ (ಬೀಗದ ವಿವರ ಇರೋ ತಲೆಭಾಗ) ಚಟ್ನಿ.

ಲಕ್ಸ್‌ನಲ್ಲಿ ನಿಜವಾದ ಕೀಲಿ ಹೆಡರಿನ ಕೀ ಸ್ಲಾಟ್‌ಗಳಲ್ಲಿರುತ್ತೆ. ವೆರಾಕ್ರಿಪ್ಟ್ ತರಹ ಅದಕ್ಕೆ ಡಿಸ್ಕಿನ ಕೊನೆಯಲ್ಲಿ ನಕಲಿಲ್ಲ. ಹೆಡರ್ ಹೋಯ್ತು ಅಂದರೆ ಪಾಸ್‌ವರ್ಡ್ ಇದ್ದೂ ಪ್ರಯೋಜನವಿಲ್ಲ. ಆದರೆ ಮಷಿನ್ ಇನ್ನೂ ಆನ್ ಇತ್ತು, ಡಿಸ್ಕ್ ಬೀಗ ತೆಗೆದ ಸ್ಥಿತಿಯಲ್ಲೇ ಮೌಂಟ್ ಆಗಿತ್ತು, ಅಂದರೆ ಬಳಸೋಕೆ ತೆರೆದೇ ಇತ್ತು, ಕೀಲಿ ಮೆಮೊರಿಯಲ್ಲಿತ್ತು. ಪಕ್ಕದ ಸಹೋದ್ಯೋಗಿ ‘ರೀಸ್ಟಾರ್ಟ್ ಮಾಡಿ ನೋಡು’ ಅಂತ ಪವರ್ ಬಟನ್ನಿಗೆ ಕೈ ಹಾಕಿದ. ಕೈ ಹಿಡಿದು ಎಳೆದೆ. ಮೌಂಟ್ ಆಗಿದ್ದ ಫೋಲ್ಡರ್‌ಗಳನ್ನ ಇನ್ನೊಂದು ಡಿಸ್ಕಿಗೆ ರಾತ್ರಿಯಿಡೀ ಕಾಪಿ ಮಾಡಿದೆ. ತಪ್ಪಾಗಿ ಬರೆದ ಜಾಗದಲ್ಲಿದ್ದ ಒಂದಷ್ಟು ಫೈಲ್ ಬಿಟ್ಟರೆ ಎಲ್ಲಾ ಬಂತು. ಈಗ ಹೆಡರ್ ಬ್ಯಾಕಪ್ ಎರಡು ಕಡೆ ಇಟ್ಟಿದ್ದೀನಿ, 16 ಎಂಬಿ ಫೈಲ್ ಅಷ್ಟೇ.


ತೋಟದ_ಮನೆ
ಸೋಮವಾರ, ರಾತ್ರಿ 8:50

ಇಮೇಜ್ ಆಯ್ತು. ಸಾಲದ ಡಿಸ್ಕ್ 2 ಟಿಬಿ. ಹಳೇ ಯುಎಸ್‌ಬಿ ಪೋರ್ಟ್, ಒಂಬತ್ತು ಗಂಟೆ ಹಿಡಿಯಿತು. ಎರಡು ಸಲ ಕರೆಂಟ್ ಹೋಯ್ತು. ಮ್ಯಾಪ್ ಫೈಲ್ ಇಲ್ಲದಿದ್ದರೆ ಅತ್ತೇಬಿಡ್ತಿದ್ದೆ.

ಮುಂದೆ?


ಸೆಕ್ಟರ್_ಸುಬ್ಬಣ್ಣ
ಸೋಮವಾರ, ರಾತ್ರಿ 9:15

ಎಂಎಫ್‌ಟಿ ಓದಿ ಅಳಿಸಿದ ಫೈಲ್ ತೆಗೆಯೋ ಡಿಎಂಡಿಇ ಪ್ರೋಗ್ರಾಂ ತಗೊಳ್ಳಿ, ಈ ಕೆಲಸಕ್ಕೆ ಉಚಿತ ಆವೃತ್ತಿ ಸಾಕು. ಇಮೇಜ್ ತೆರೆದು ಅಳಿಸಿದ ಫೈಲ್‌ಗಳ ಪಟ್ಟಿ ನೋಡಿ. ಕಂಟೇನರಿನ ಹೆಸರು ಕಂಡರೆ ಅರ್ಧ ಗೆದ್ದ ಹಾಗೆ. ಬೇರೆ ಡಿಸ್ಕಿಗೆ ತೆಗೆಯಿರಿ. ಸೈಜ್ ಒಂದು ಬೈಟೂ ಆಚೀಚೆ ಆಗಬಾರದು.


ತೋಟದ_ಮನೆ
ಸೋಮವಾರ, ರಾತ್ರಿ 11:55

ಹೆಸರು ಕಾಣ್ತಿದೆ!! ಎರಡು ತುಂಡಿನಲ್ಲಿತ್ತು, ತೆಗೆದೆ. ಸೈಜ್ ಸರಿಯಾಗಿದೆ.

ಆದರೆ ಪಾಸ್‌ವರ್ಡ್ ಹಾಕಿದರೆ ತಪ್ಪು ಅಂತಿದೆ. ಎರಡು ಸಲ ಹಾಕಿದೆ. ನನ್ನ ಪಾಸ್‌ವರ್ಡ್ ನನಗೆ ಗೊತ್ತಿಲ್ವಾ?


ಸೆಕ್ಟರ್_ಸುಬ್ಬಣ್ಣ
ಮಂಗಳವಾರ, ಬೆಳಿಗ್ಗೆ 6:20

ಪಾಸ್‌ವರ್ಡ್ ಸರಿಯಾಗೇ ಇದೆ. ಫೈಲಿನ ತಲೆ ಮೇಲೆ ಸಿನಿಮಾ ಕೂತಿದೆ. ಹೆಡರ್ ಓದೋಕೆ ಬರದಿದ್ದರೂ ವೆರಾಕ್ರಿಪ್ಟ್ ‘ಪಾಸ್‌ವರ್ಡ್ ತಪ್ಪು’ ಅಂತಲೇ ಹೇಳೋದು. ಎರಡಕ್ಕೂ ವ್ಯತ್ಯಾಸ ಅದಕ್ಕೂ ಗೊತ್ತಾಗಲ್ಲ.

ಗಾಬರಿ ಬೇಡ. ಕಂಟೇನರಿನ ಕೊನೆಯ 128 ಕೆಬಿಯಲ್ಲಿ ಹೆಡರಿನ ಇನ್ನೊಂದು ಪ್ರತಿ ಇದೆ. ಸೈಜ್ ಆಚೀಚೆ ಆಗಬಾರದು ಅಂದಿದ್ದು ಅದಕ್ಕೇ. ಕೊನೆ ಜರುಗಿದರೆ ಆ ಪ್ರತಿ ಅದು ಹುಡುಕೋ ಜಾಗದಲ್ಲಿ ಸಿಗಲ್ಲ. ಮೌಂಟ್ ಆಪ್ಷನ್‌ಗೆ ಹೋಗಿ, ಒಳಗಿರೋ ಬ್ಯಾಕಪ್ ಹೆಡರ್ ಬಳಸು ಅನ್ನೋದಕ್ಕೆ ಟಿಕ್ ಹಾಕಿ. ರೀಡ್ ಓನ್ಲಿಗೂ ಹಾಕಿ.

ಮೌಂಟ್ ಆದ ಮೇಲೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕು’ ಅಂತ ಕೇಳಬಹುದು. ಬೇಡ ಅನ್ನಿ. ಎಷ್ಟು ಸಲ ಕೇಳಿದರೂ ಬೇಡ.


ಉಪ್ಪಿಟ್ಟು_ವಿರೋಧಿ
ಮಂಗಳವಾರ, ಬೆಳಿಗ್ಗೆ 9:10

ಅಂಥದ್ದೇ ಪ್ರಶ್ನೆಗೆ ‘ಸರಿ’ ಒತ್ತಿದವರಲ್ಲಿ ನಾನೂ ಒಬ್ಬ. ಇಡೀ ಡಿಸ್ಕ್ ವೆರಾಕ್ರಿಪ್ಟ್ ಮಾಡಿದ್ದೆ. ವಿಂಡೋಸ್ ಕಣ್ಣಿಗೆ ಅದು ಖಾಲಿ ಡಿಸ್ಕ್. ‘ಇನಿಶಿಯಲೈಸ್ ಮಾಡಲಾ’ ಅಂತು, ಮಾಡು ಅಂದೆ, ಜಿಪಿಟಿ ಅನ್ನೋ ಪಾರ್ಟಿಷನ್ ಪಟ್ಟಿ. ಅದು ಡಿಸ್ಕಿನ ಮೊದಲ 34 ಸೆಕ್ಟರ್, ಕೊನೆಯ 33 ಸೆಕ್ಟರ್ ಮೇಲೆ ಬರೆಯುತ್ತೆ. ಮುಂದಿನ ಹೆಡರ್ ಸತ್ತಿತು. ಹಿಂದಿನ ಪ್ರತಿ ಕೊನೆಯಿಂದ 128 ಕೆಬಿ ಒಳಗಿರೋದು, ಜಿಪಿಟಿ ಮುಟ್ಟಿದ್ದು ಕೊನೆಯ 17 ಕೆಬಿಯಷ್ಟು. ಕೂದಲೆಳೆಯಲ್ಲಿ ಬಚಾವ್. ಅದರ ಮೇಲೆ ಫುಲ್ ಫಾರ್ಮ್ಯಾಟ್ ಕೊಟ್ಟಿದ್ದರೆ ಕಥೆ ಮುಗೀತಿತ್ತು. ವಿಸ್ಟಾ ಬಂದ ಮೇಲೆ ಫುಲ್ ಫಾರ್ಮ್ಯಾಟ್ ಅಂದರೆ ಉದ್ದಕ್ಕೂ ಸೊನ್ನೆ ಬರೆಯೋದು.


ತೋಟದ_ಮನೆ
ಮಂಗಳವಾರ, ರಾತ್ರಿ 10:20

ಮೌಂಟ್ ಆಯ್ತು! ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು, ಬೇಡ ಅಂದೆ. ಆದರೆ ಡ್ರೈವ್ ಒಳಗೆ ಹೋಗೋಕೆ ಆಗ್ತಿಲ್ಲ. ರಾ ಅಂತ ತೋರಿಸ್ತಿದೆ.


ಸೆಕ್ಟರ್_ಸುಬ್ಬಣ್ಣ
ಮಂಗಳವಾರ, ರಾತ್ರಿ 10:48

ಅಂದರೆ ಬೀಗ ತೆರೀತು, ಒಳಗಿನ ದಫ್ತರ ಸುಟ್ಟಿದೆ. ಒಳಗೂ ಎನ್‌ಟಿಎಫ್‌ಎಸ್ ಇದ್ದರೆ ಅದರ ಎಂಎಫ್‌ಟಿ ಸಾಮಾನ್ಯವಾಗಿ 3 ಜಿಬಿ ಹತ್ತಿರ ಶುರುವಾಗುತ್ತೆ. ಸಿನಿಮಾ ಅಲ್ಲೀತನಕ ತಿಂದಿರಬೇಕು. ಫೈಲ್‌ಗಳ ಹೆಸರು ಹೋಯ್ತು ಅಂತಲೇ ಲೆಕ್ಕ.

ಈಗ ನಿಮ್ಮ ಫೋಟೋರೆಕ್ ಓಡಿಸಿ. ಹೌದು, ಅದೇ. ಹೊರಗಿನಿಂದ ಅದಕ್ಕೆ ಏನೂ ಕಂಡಿರಲಿಲ್ಲ. ಈಗ ಮೌಂಟ್ ಆಗಿರೋ ಡ್ರೈವ್ ಮೇಲೆ ಓಡಿಸಿ, ಹಾಡು ಹಾಡಾಗೇ ಕಾಣುತ್ತೆ. ಯಾವ ಫಾರ್ಮ್ಯಾಟ್‌ನಲ್ಲಿ ರೆಕಾರ್ಡ್ ಮಾಡಿದ್ದಿರಿ?


ತೋಟದ_ಮನೆ
ಮಂಗಳವಾರ, ರಾತ್ರಿ 10:52

ವೇವ್. ತಮ್ಮನ ಮೈಕ್, ತಮ್ಮನ ಹಟ.


ಸೆಕ್ಟರ್_ಸುಬ್ಬಣ್ಣ
ಮಂಗಳವಾರ, ರಾತ್ರಿ 10:55

ತಮ್ಮನಿಗೂ ಐಸ್‌ಕ್ರೀಂ. ವೇವ್ ಫೈಲಿನ ತಲೆಯಲ್ಲೇ ಅದರ ಉದ್ದ ಬರೆದಿರುತ್ತೆ, ಕತ್ತರಿಸಿ ತೆಗೆಯೋದು ಸುಲಭ. ಈ ಸಲ ಸೇವ್ ಎಲ್ಲಿಗೆ ಅಂತ ನಾನು ಹೇಳಲ್ಲ.


ಕುಂದಾಪ್ರ_ಕಡಲು
ಬುಧವಾರ, ಬೆಳಿಗ್ಗೆ 10:05

ಸಿಕ್ತು ಸುಬ್ಬಣ್ಣ!!! 6,390ರ ಪಟ್ಟಿಯಲ್ಲೇ ಇತ್ತು. ಒ-ಡಬ್ಲ್ಯೂ, ಕೊನೆಗೆ ಒಂದೇ ಐ, ಮೊದಲಕ್ಷರ ದೊಡ್ಡದು. ವರ್ಷ 1983. ಗೌರಿ ಹುಟ್ಟಿದ್ದು 83ರಲ್ಲಾ ಅಂತ ದೊಡ್ಡಮ್ಮನ್ನ ಕೇಳಿದೆ. ‘ಇಲ್ಲ ಮಗಾ, ವಿಶ್ವಕಪ್ ಗೆದ್ದದ್ದು’ ಅಂದರು.


ಅರ್ಧ_ಕಾಫಿ
ಬುಧವಾರ, ಮಧ್ಯಾಹ್ನ 2:30

ನನ್ನದು ಲ್ಯಾಪ್‌ಟಾಪ್ ಒಳಗಿನ ಎಸ್‌ಎಸ್‌ಡಿ. ಕಂಟೇನರ್ ನಿನ್ನೆ ಡಿಲೀಟ್ ಆಯ್ತು, ಏನೂ ಬರೆದಿಲ್ಲ. ಇದೇ ದಾರಿ ಹಿಡಿಯಲಾ?


ಸೆಕ್ಟರ್_ಸುಬ್ಬಣ್ಣ
ಬುಧವಾರ, ಮಧ್ಯಾಹ್ನ 3:10

ಬೇಜಾರಿನ ಸುದ್ದಿ. ಎಸ್‌ಎಸ್‌ಡಿಯಲ್ಲಿ ಡಿಲೀಟ್ ಒತ್ತಿದ ಕೂಡಲೇ ವಿಂಡೋಸ್ ‘ಈ ಜಾಗ ಇನ್ನು ಬೇಡ’ ಅಂತ ಟ್ರಿಮ್ ಕಳಿಸುತ್ತೆ. ಆಮೇಲೆ ಅಲ್ಲಿ ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆ. ಕೆಲವು ಹೊಸ ಎಸ್‌ಎಂಆರ್ (ಸಾಲಿನ ಮೇಲೆ ಸಾಲು ಒತ್ತಿ ಬರೆಯೋ) ಹಾರ್ಡ್ ಡಿಸ್ಕ್‌ಗಳೂ ಈಗ ಇದೇ ಕೆಲಸ ಮಾಡ್ತವೆ, ತೋಟದ ಮನೆಯವರ ಡಿಸ್ಕಿನ ವಯಸ್ಸು ಕೇಳಿದ್ದು ಅದಕ್ಕೇ. ಹುಡುಕೋದಾದರೆ ಹಳೇ ಬ್ಯಾಕಪ್, ವಿಂಡೋಸ್ ತಾನೇ ಇಟ್ಟಿರಬಹುದಾದ ನಕಲು (ಶ್ಯಾಡೋ ಕಾಪಿ), ಕ್ಲೌಡ್ ನೋಡಿ. ಡಿಸ್ಕಿನಲ್ಲಿ ಹುಡುಕಿ ಸಮಯ ಹಾಳು ಮಾಡ್ಕೋಬೇಡಿ.


ಅರ್ಧ_ಕಾಫಿ
ಬುಧವಾರ, ಮಧ್ಯಾಹ್ನ 3:14

ಹೆಸರಿಗೆ ತಕ್ಕ ಹಾಗೆ ಅರ್ಧ ಕಾಫಿ ಬಿಟ್ಟು ಎದ್ದೆ. ಧನ್ಯವಾದ.


ತೋಟದ_ಮನೆ
ಶುಕ್ರವಾರ, ರಾತ್ರಿ 9:30

ಮೂರು ದಿನ ಆಯ್ತು, ಕ್ಷಮಿಸಿ. ಕೇಳ್ತಾ ಕೂತಿದ್ದೆ.

41ರಲ್ಲಿ 38 ಹಾಡು ಬಂದಿವೆ. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರ್. ನಾನೂ ಅಮ್ಮನೂ ಒಂದೊಂದೇ ಹಾಕಿ ಕೇಳಿ ಹೆಸರಿಡ್ತಿದ್ದೀವಿ. ಹೆಣ್ಣು ಒಪ್ಪಿಸೋ ಹಾಡಿಗೆ ಬಂದಾಗ ಅಮ್ಮ ಎದ್ದು ಒಳಗೆ ಹೋದಳು. ಕಾಗದಪತ್ರ ಮುಕ್ಕಾಲು ಪಾಲು ಸಿಕ್ಕಿದೆ. ಸಿಗದ ಪಹಣಿಗೆ ಚಿಂತೆ ಇಲ್ಲ, ಅದು ಭೂಮಿಯಲ್ಲಿದೆ, ಇನ್ನೊಂದು ಪ್ರತಿ ತೆಗೆಸಬಹುದು.

ಒಂದು ವಿಚಿತ್ರ ಕೇಳಿ ಸುಬ್ಬಣ್ಣ. ಒಂದು ಹಾಡಲ್ಲಿ ಅಜ್ಜಿ ಹಾಡ್ತಾ ಇರೋವಾಗ ನಡುವೆ ಜೋರು ಮಳೆ ಶುರುವಾಗುತ್ತೆ. ತಗಡಿನ ಮೇಲೆ ಸುರಿದ ಹಾಗೆ, ಬೇರೇನೂ ಕೇಳಲ್ಲ. ಸರಿಯಾಗಿ 40 ಸೆಕೆಂಡ್. ಆಮೇಲೆ ಮಳೆ ತಟ್ಟನೆ ನಿಲ್ಲುತ್ತೆ, ಅಜ್ಜಿ ಹಾಡ್ತಾನೇ ಇದ್ದಾಳೆ. ರೆಕಾರ್ಡ್ ಮಾಡಿದ್ದು ಬೇಸಿಗೆಯಲ್ಲಿ.


ಸೆಕ್ಟರ್_ಸುಬ್ಬಣ್ಣ
ಶುಕ್ರವಾರ, ರಾತ್ರಿ 9:52

40 ಸೆಕೆಂಡ್ ವೇವ್ ಅಂದರೆ ಸುಮಾರು 7 ಎಂಬಿ. ಮೊಬೈಲ್ ಫೋಟೋ ಎರಡು. ನೀವು ಮೊದಲ ದಿನ ಎರಡು ನಿಮಿಷ ಅದೇ ಡಿಸ್ಕಿಗೆ ಸೇವ್ ಮಾಡಿದಿರಲ್ಲ, ಅವೇ. ಆ ಫೋಟೋ ಅಜ್ಜಿಯ ಹಾಡಿನ ಮೇಲೆ ಬಿದ್ದಿವೆ. ಈಗ ವೆರಾಕ್ರಿಪ್ಟ್ ಅವನ್ನೂ ಹಾಡು ಅಂದುಕೊಂಡು ನಿಮ್ಮ ಕೀಲಿ ಹಾಕಿ ಬಿಚ್ಚುತ್ತೆ. ಬಿಚ್ಚಿದರೆ ಬರೀ ಕಲಸುಮೇಲೋಗರ. ಸ್ಪೀಕರಲ್ಲಿ ಅದು ಮಳೆ ಸದ್ದಿನ ಹಾಗೇ ಕೇಳೋದು.

ವೆರಾಕ್ರಿಪ್ಟ್ 16 ಬೈಟಿನ ತುಣುಕುಗಳಾಗಿ ಬೀಗ ಹಾಕೋದು. ಒಂದು ತುಣುಕು ಕೆಟ್ಟರೆ ಪಕ್ಕದ್ದಕ್ಕೆ ತಾಗಲ್ಲ. ಅದಕ್ಕೇ ಫೋಟೋ ಮುಗಿದ ಕೂಡಲೇ ಮಳೆ ನಿಂತದ್ದು.


ತೋಟದ_ಮನೆ
ಶುಕ್ರವಾರ, ರಾತ್ರಿ 10:10

ಆ 40 ಸೆಕೆಂಡ್ ಕತ್ತರಿಸಿ ತೆಗೀತೀನಿ ಅಂದ ತಮ್ಮ. ಅಮ್ಮ ಬೇಡ ಅಂದಳು.